ಅಕ್ಷರಕ್ಕೆ ಮೊದಲಿನ ಅಭ್ಯಾಸ: ಮಗುವಿನ ಕೈ ಕಣ್ಣುಗಳ ಹೊಂದಾಣಿಕೆ

ವಿಜಯದಶಮಿಯ ಬೆಳಗಿನಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ಪದ್ಧತಿ ನಮ್ಮಲ್ಲಿ ಬಹು ಹಿಂದಿನಿಂದ ನಡೆದುಬಂದಿದೆ. ತಟ್ಟೆಯಲ್ಲಿ ಅಕ್ಕಿಯನ್ನು ಹರವಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ತೋರುಬೆರಳನ್ನು ಹಿಡಿದು ಹಿರಿಯರು ಪಂಚಾಕ್ಷರಿಯನ್ನು ಬರೆಯಿಸುತ್ತಾರೆ. ಮನೆಯವರೆಲ್ಲರಿಗೂ ಅದೊಂದು ಸಂಭ್ರಮದ ಗಳಿಗೆ. ಆದರೆ ಆ ಹೊತ್ತಿನಲ್ಲಿ ಮಗುವಿನ ಮುಖವನ್ನು ಒಮ್ಮೆ ಗಮನಿಸಬೇಕು. ಬೆರಳು ಅಕ್ಕಿಯ ಮೇಲೆ ಹರಿಯುತ್ತಿರುತ್ತದೆ. ಕಣ್ಣು ಮಾತ್ರ ದೀಪದ ಕುಡಿಯನ್ನೋ ಪಕ್ಕದ ಬಟ್ಟಲಿನ ಕಲ್ಲುಸಕ್ಕರೆಯನ್ನೋ ನೋಡುತ್ತಿರುತ್ತದೆ. ಅಕ್ಷರ ಮೂಡಿತು, ನಿಜ. ಬರೆದವರು ಹಿರಿಯರೇ ಹೊರತು ಮಗುವಲ್ಲ. ಬೆರಳು ಹೋದೆಡೆಗೆ ಕಣ್ಣು ಹೋಗಿ, ಕಣ್ಣು ತೋರಿದೆಡೆಗೆ ಬೆರಳು ಹೋದಾಗಲೇ ಬರಹ ಮಗುವಿನದಾಗುತ್ತದೆ.

ಕಣ್ಣು ಕಂಡುದನ್ನು ಕೈ ನಡೆಸುವ ಈ ಸಾಮರ್ಥ್ಯವನ್ನು ಶಿಕ್ಷಣಶಾಸ್ತ್ರಜ್ಞರು ಕೈ ಕಣ್ಣುಗಳ ಹೊಂದಾಣಿಕೆ ಎಂದು ಕರೆಯುತ್ತಾರೆ. ಇದು ಹುಟ್ಟಿನೊಡನೆ ಸಿದ್ಧವಾಗಿ ಬರುವುದಿಲ್ಲ. ವರ್ಷಗಳ ಅಭ್ಯಾಸದಿಂದ ಕೂಡಿಬರುತ್ತದೆ. ಅಕ್ಷರಕ್ಕೆ ಮೊದಲೇ ನಡೆಯಬೇಕಾದ ಈ ಅಭ್ಯಾಸಕ್ಕೆ ಶಾಲೆಯಲ್ಲಿಯೂ ಮನೆಯಲ್ಲಿಯೂ ಇಂದು ಎಡೆ ಕಿರಿದಾಗುತ್ತಿದೆ. ಅದರ ಕ್ರಮವನ್ನೂ ಕಾರಣವನ್ನೂ ಉಪಾಧ್ಯಾಯರ, ಹಿರಿಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಗಮನಕ್ಕೆ ತರುವುದೇ ಪ್ರಕೃತ ಲೇಖನದ ಉದ್ದೇಶ.

ಹುಟ್ಟಿನಿಂದ ಐದರವರೆಗೆ

ಆಗತಾನೆ ಹುಟ್ಟಿದ ಶಿಶುವಿಗೆ ಸುಮಾರು ೨೦ರಿಂದ ೩೦ ಸೆಂಟಿಮೀಟರು ದೂರದ ವಸ್ತು ಮಾತ್ರ ಒಂದಿಷ್ಟು ಸ್ಪಷ್ಟವಾಗಿ ಕಾಣುತ್ತದೆ. ಎದೆಹಾಲು ಕುಡಿಯುವ ಮಗುವಿಗೂ ತಾಯಿಯ ಮುಖಕ್ಕೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ. ಅಂಗೈಗೆ ಬೆರಳಿಟ್ಟರೆ ಶಿಶು ಬಿಗಿಯಾಗಿ ಹಿಡಿಯುತ್ತದೆ. ಆದರೆ ಅದು ನರಗಳ ಸಹಜ ಪ್ರತಿಕ್ರಿಯೆಯೇ ವಿನಾ ಕಣ್ಣು ನೋಡಿ ಕೈ ಮಾಡಿದ ಕೆಲಸವಲ್ಲ. ಮೂರನೆಯ ತಿಂಗಳ ಸುಮಾರಿಗೆ ತೊಟ್ಟಿಲ ಮೇಲೆ ತೂಗುವ ಗಿಲಕಿಯತ್ತ ಮಗು ಕೈ ಬೀಸತೊಡಗುತ್ತದೆ. ಹತ್ತು ಸಲ ಬೀಸಿದರೆ ಒಂದು ಸಲ ತಗುಲೀತು. ತಗುಲಿದಾಗ ಗಿಲಕಿ ಸದ್ದುಮಾಡುತ್ತದೆ; ಮಗು ಮತ್ತೆ ಬೀಸುತ್ತದೆ. ಕೈ ಕಣ್ಣುಗಳ ಪಾಠಶಾಲೆ ಅಲ್ಲಿ ತೆರೆಯಿತು.

ನಾಲ್ಕೈದು ತಿಂಗಳಿಗೆ ಕಂಡ ವಸ್ತುವಿನತ್ತ ಕೈಚಾಚಿ ಹಿಡಿಯುವುದು, ಆರೇಳು ತಿಂಗಳಿಗೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದು ಬರುತ್ತವೆ. ಒಂಬತ್ತು ಹತ್ತು ತಿಂಗಳಿಗೆ ಹೆಬ್ಬೆರಳು ತೋರುಬೆರಳುಗಳ ತುದಿಯನ್ನು ಕೂಡಿಸಿ ನೆಲದ ಮೇಲಿನ ಮಂಡಕ್ಕಿಯ ಕಾಳನ್ನು ಎತ್ತುವ ಚಿವುಟುಹಿಡಿತ ಮೂಡುತ್ತದೆ. ಮುಂದೆ ಬಳಪವನ್ನೂ ಸೂಜಿಯನ್ನೂ ಹಿಡಿಯುವುದು ಈ ಹಿಡಿತದ ಬೆಳವಣಿಗೆಯಿಂದಲೇ. ಒಂದೂಕಾಲು ವರ್ಷದ ಮಗು ಎರಡು ಮರದ ತುಂಡುಗಳನ್ನು ಒಂದರ ಮೇಲೊಂದು ನಿಲ್ಲಿಸೀತು. ಒಂದೂವರೆ ವರ್ಷಕ್ಕೆ ಮೂರು ನಾಲ್ಕು, ಎರಡು ವರ್ಷಕ್ಕೆ ಆರೇಳು. ಮೂರನೆಯ ವರ್ಷದಲ್ಲಿ ವೃತ್ತವನ್ನು, ನಾಲ್ಕರಲ್ಲಿ ಕೂಡಿಸುವ ಚಿಹ್ನೆಯನ್ನು, ಐದರ ಸುಮಾರಿಗೆ ಚೌಕ ತ್ರಿಕೋಣಗಳನ್ನು ನೋಡಿ ಬರೆಯಬಲ್ಲುದು. ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಮೆಟ್ಟಿಲನ್ನು ಹತ್ತುವುದಿಲ್ಲ. ಕೆಲವು ತಿಂಗಳು ಹಿಂದುಮುಂದಾಗುವುದು ಸಹಜ. ಆದರೆ ಮೆಟ್ಟಿಲುಗಳ ಅನುಕ್ರಮ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ.

ಕೈಯೂ ಕೂಡ ಇನ್ನೂ ಬೆಳೆಯುತ್ತಿರುವ ಅಂಗವೆಂಬುದನ್ನು ನಾವು ಮರೆಯಬಾರದು. ವಯಸ್ಕರ ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಮೂಳೆಗಳಿವೆ. ಹುಟ್ಟುವಾಗ ಅವು ಬರಿಯ ಮೃದ್ವಸ್ಥಿಗಳು. ಒಂದೊಂದಾಗಿ ಗಟ್ಟಿಗೊಳ್ಳುತ್ತ ಹೋಗುತ್ತವೆ. ಎಂಟನೆಯದು ಗಟ್ಟಿಗೊಳ್ಳತೊಡಗುವುದು ಎಂಟರಿಂದ ಹನ್ನೆರಡರ ನಡುವಣ ವಯಸ್ಸಿನಲ್ಲಿ. ನಾಲ್ಕು ವರ್ಷದ ಕೈಗೆ ಸೀಸದ ಕಡ್ಡಿ ಕೊಟ್ಟು ನಾಲ್ಕು ಗೆರೆಯ ಪುಸ್ತಕದಲ್ಲಿ ಪುಟ ತುಂಬಿಸೆಂದು ಕೂರಿಸುವವರು ಈ ಒಂದು ಸಂಗತಿಯನ್ನಾದರೂ ನೆನೆಯಬೇಕು.

ನೋಡುವುದಷ್ಟೇ ಸಾಲದು

ಕಣ್ಣು ಕಂಡುದು ಮೆದುಳಿನ ಹಿಂಭಾಗಕ್ಕೆ ಮುಟ್ಟುತ್ತದೆ. ವಸ್ತು ಎಲ್ಲಿದೆ, ಎಷ್ಟು ದೂರದಲ್ಲಿದೆ ಎಂಬುದನ್ನು ಮೆದುಳಿನ ಮೇಲ್ಭಾಗ ನಿರ್ಣಯಿಸುತ್ತದೆ. ಅದರ ಮುಂದಣ ಭಾಗ ತೋಳಿಗೂ ಬೆರಳಿಗೂ ಆಜ್ಞೆ ಕೊಡುತ್ತದೆ. ತಲೆಯ ಹಿಂಬದಿಯಲ್ಲಿರುವ ಕಿರುಮೆದುಳು ಎಣಿಸಿದ್ದಕ್ಕೂ ಆದದ್ದಕ್ಕೂ ಇರುವ ವ್ಯತ್ಯಾಸವನ್ನು ಅಳೆದು ಮುಂದಿನ ಸಲಕ್ಕೆ ತಿದ್ದುತ್ತದೆ. ಚೆಂಡನ್ನು ಹಿಡಿಯಲು ಹೊರಟ ಮೂರು ವರ್ಷದ ಮಗು ಎರಡು ತೋಳುಗಳನ್ನೂ ಮರದ ಹಲಗೆಯಂತೆ ಚಾಚಿ ನಿಂತಿರುತ್ತದೆ. ಚೆಂಡು ಎದೆಗೆ ಬಡಿದ ಮೇಲೆ ತೋಳು ಮುಚ್ಚುತ್ತದೆ. ಐದಾರು ವರ್ಷದ ಮಗು ಚೆಂಡು ಬರುವ ಜಾಗವನ್ನು ಮೊದಲೇ ಊಹಿಸಿ ಕೈಯನ್ನು ಅಲ್ಲಿ ಇರಿಸಿಕೊಳ್ಳುತ್ತದೆ. ಈ ಊಹೆ ಹೇಳಿಕೊಡುವುದರಿಂದ ಬರುವಂಥದಲ್ಲ. ತಪ್ಪಿ ತಪ್ಪಿ, ತಿದ್ದಿಕೊಂಡು, ಮತ್ತೆ ಎಸೆದು ಹಿಡಿದು ಬರುವಂಥದು.

ಕಣ್ಣಿಗೆ ಕಂಡರೆ ಸಾಲದೆ, ಕೈಯೂ ಏಕೆ ಆಡಬೇಕು? ಈ ಪ್ರಶ್ನೆಗೆ ೧೯೬೩ರಲ್ಲಿ ಅಮೆರಿಕದ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದು ಉತ್ತರ ಕೊಟ್ಟಿತು. ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ಜೋಡಿ ಜೋಡಿಯಾಗಿ ತೆಗೆದುಕೊಂಡು, ಪಟ್ಟೆ ಬಳಿದ ದುಂಡನೆಯ ಆವರಣದೊಳಗೆ ಒಂದನ್ನು ತಾನಾಗಿ ನಡೆಯಲು ಬಿಟ್ಟರು. ಇನ್ನೊಂದನ್ನು ಒಂದು ತೊಟ್ಟಿಲಲ್ಲಿ ಕೂರಿಸಿ, ನಡೆಯುವ ಮರಿ ತಿರುಗಿದಂತೆ ತೊಟ್ಟಿಲೂ ತಿರುಗುವ ಹಾಗೆ ಏರ್ಪಡಿಸಿದರು. ಎರಡೂ ಕಂಡುದು ಬಹುಮಟ್ಟಿಗೆ ಒಂದೇ. ಆದರೆ ಕೊನೆಯಲ್ಲಿ ಮೇಜಿನ ಅಂಚಿನ ಕಡೆಗೆ ಇಳಿಸಿದಾಗ, ನಡೆದಾಡಿದ ಮರಿ ಪಾದ ಚಾಚಿ ನೆಲೆ ಹುಡುಕಿತು; ಹೊತ್ತು ತಿರುಗಿಸಲ್ಪಟ್ಟ ಮರಿಗೆ ಅದು ತಿಳಿಯಲಿಲ್ಲ. ಅನಂತರ ಅದನ್ನೂ ಸ್ವತಂತ್ರವಾಗಿ ಓಡಾಡಬಿಟ್ಟಾಗ ಎರಡು ದಿನಗಳಲ್ಲಿ ಅದೂ ಕಲಿತುಕೊಂಡಿತು.

ನಮ್ಮ ದೇಶದಲ್ಲಿಯೇ ನಡೆದ ಇನ್ನೊಂದು ಸಂಶೋಧನೆ ಇದಕ್ಕಿಂತಲೂ ಮನಮುಟ್ಟುವಂತಿದೆ. ಹುಟ್ಟಿನಿಂದ ದೃಷ್ಟಿಯಿಲ್ಲದೆ ಬೆಳೆದ ಬಡಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವ 'ಪ್ರಕಾಶ್' ಎಂಬ ಯೋಜನೆಯನ್ನು ವಿಜ್ಞಾನಿ ಪವನ್ ಸಿನ್ಹಾ ಅವರು ನಡೆಸಿಕೊಂಡು ಬಂದಿದ್ದಾರೆ. ಆ ಯೋಜನೆಯಲ್ಲಿ ದೃಷ್ಟಿ ಪಡೆದ ೮ರಿಂದ ೧೭ ವರ್ಷದ ಐವರು ಮಕ್ಕಳನ್ನು ಕುರಿತ ವರದಿ ೨೦೧೧ರಲ್ಲಿ ಹೊರಬಂತು. ಕೈಯಿಂದ ಮುಟ್ಟಿ ತಿಳಿದ ವಸ್ತುವನ್ನು ಕಣ್ಣಿನಿಂದ ನೋಡಿ ಗುರುತಿಸಿರೆಂದರೆ ಆ ಮಕ್ಕಳಿಂದ ಮೊದಲು ಆಗಲಿಲ್ಲ. ಕಣ್ಣು ಬಂದಿತ್ತು, ಕೈ ಇತ್ತು. ಎರಡರ ನಡುವಣ ಪರಿಚಯ ಮಾತ್ರ ಇರಲಿಲ್ಲ. ಕೆಲವು ದಿನಗಳ ಬಳಿಕ ಮತ್ತೆ ಪರೀಕ್ಷಿಸಿದ ಮಕ್ಕಳಲ್ಲಿ ಆ ಪರಿಚಯ ಬೆಳೆದುದು ಕಂಡುಬಂತು. ಕೈಯೂ ಕಣ್ಣೂ ಬಳಕೆಯಿಂದಲೇ ನೆಂಟರಾಗುತ್ತವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮೊಬೈಲಿನ ಗಾಜಿನ ಮೇಲೆ ಬಣ್ಣದ ಚೆಂಡು ಓಡುವುದನ್ನು ಗಂಟೆಗಟ್ಟಲೆ ನೋಡುವ ಕೂಸಿನ ಸ್ಥಿತಿ ತೊಟ್ಟಿಲಲ್ಲಿ ತಿರುಗಿದ ಆ ಬೆಕ್ಕಿನ ಮರಿಯ ಸ್ಥಿತಿಗೆ ಹತ್ತಿರವಾದುದು. ಅಲ್ಲಿ ಬೆರಳಿಗೆ ಜಾರುವಿಕೆಯೊಂದೇ ದೊರೆಯುತ್ತದೆ; ತೂಕ, ಉರುಟು, ತಣ್ಪು, ದೂರ ಯಾವುದೂ ದೊರೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಕೊಟ್ಟ ಸಲಹೆಯಂತೆ, ಒಂದು ವರ್ಷದೊಳಗಿನ ಶಿಶುವಿಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂಡದು, ಕಡಿಮೆಯಾದಷ್ಟೂ ಮೇಲು.

ಅಡುಗೆಮನೆಯೂ ಅಂಗಳವೂ

ಹಾಗಾದರೆ ಇದಕ್ಕೆ ವಿದೇಶಗಳಿಂದ ಸಲಕರಣೆ ತರಿಸಬೇಕೇ? ಬೇಕಿಲ್ಲ. ನಮ್ಮ ಮಾವಳ್ಳಿ, ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಈ ಶಿಕ್ಷಣ ಹೆಸರಿಲ್ಲದೆ ನಡೆಯುತ್ತಿತ್ತು. ಮಾಗಿಯ ಚಳಿಯಲ್ಲಿ ಸೊಗಡಿನ ಅವರೆಕಾಯಿ ಬಂದಿತೆಂದರೆ ಮನೆಯ ಮಕ್ಕಳೆಲ್ಲ ಸುತ್ತ ಕುಳಿತು, ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿತುಕಿ ಬೇಳೆಯನ್ನು ಪಾತ್ರೆಗೆ ಹಾರಿಸುತ್ತಿದ್ದರು. ಹೆಚ್ಚು ಒತ್ತಿದರೆ ಬೇಳೆ ಗೋಡೆಗೆ ಹಾರುತ್ತದೆ, ಕಡಿಮೆ ಒತ್ತಿದರೆ ಸಿಪ್ಪೆಯಲ್ಲೇ ಉಳಿಯುತ್ತದೆ. ಕಾರ್ತಿಕದ ಕೊನೆಯ ಸೋಮವಾರದ ಬಸವನಗುಡಿಯ ಪರಿಷೆಯಿಂದ ತಂದ ಕಡಲೆಕಾಯನ್ನು ಸುಲಿಯುವುದೂ ಅದೇ ಬೆರಳುಗಳ ವ್ಯಾಯಾಮವೇ. ಗಾಂಧಿಬಜಾರಿನಲ್ಲಿ ಹೂವು ಕಟ್ಟುವ ತಾಯಂದಿರನ್ನು ನೋಡಿರಿ. ಗಿರಾಕಿಯೊಡನೆ ಮಾತನಾಡುತ್ತಲೇ ಮಲ್ಲಿಗೆಯನ್ನು ಮಾರುಗಟ್ಟಲೆ ಕಟ್ಟುತ್ತಾರೆ. ಕಣ್ಣು ಕೈಯ ಮೇಲೆ ಇರುವುದೇ ಇಲ್ಲ. ಕಲಿಯುವ ಮಗಳು ಮಾತ್ರ ಪ್ರತಿ ಗಂಟನ್ನೂ ನೋಡಿಯೇ ಹಾಕಬೇಕು. ಮೊದಲು ಕಣ್ಣು ಕೈಗೆ ಗುರು. ಕೈ ಪಳಗಿದ ಮೇಲೆ ಕಣ್ಣಿಗೆ ಬಿಡುವು. ಬರವಣಿಗೆಯ ಗುರಿಯೂ ಇದೇ ಅಲ್ಲವೆ? ಕೈ ತಾನಾಗಿ ಬರೆಯುವಂತಾದರೆ ಮಾತ್ರ ಮನಸ್ಸು ಅರ್ಥದ ಕಡೆಗೆ ಹರಿಯಬಲ್ಲುದು.

ಅಂಗಳದ ಆಟಗಳೂ ಹೀಗೆಯೇ. ಹದಿನಾಲ್ಕು ಗುಳಿಗಳ ಅಳಗುಳಿಮಣೆಯಲ್ಲಿ ಹುಣಿಸೆಬೀಜವನ್ನು ಗುಳಿಗೊಂದರಂತೆ ಬಿಡುತ್ತ ಹೋಗುವ ಮಗು ಎಣಿಕೆಯನ್ನೂ ಹಿಡಿತವನ್ನೂ ಒಟ್ಟಿಗೆ ಕಲಿಯುತ್ತದೆ. ಗೋಲಿ ಗುರಿಯನ್ನು ಕಲಿಸುತ್ತದೆ. ಐದು ಕಲ್ಲಿನಾಟ ಎಸೆತ ಹಿಡಿತಗಳ ಹೊತ್ತನ್ನು. ಬುಗುರಿ ಮಣಿಕಟ್ಟಿನ ಸೆಳೆತವನ್ನು. ಲಗೋರಿ ದೂರದ ಅಳತೆಯನ್ನು. ರಂಗೋಲಿ ಚುಕ್ಕಿಯನ್ನು ಬಳಸಿ ಗೆರೆಯನ್ನು ಹಿಂದಿರುಗಿಸುವ ಚಾತುರ್ಯವನ್ನು. ಇಲ್ಲಿಂದ ಅರುವತ್ತು ಕಿಲೋಮೀಟರು ದೂರದ ಚನ್ನಪಟ್ಟಣದಲ್ಲಿ ಆಲೆಮರವನ್ನು ಚರಕಿಗೆ ಕೊಟ್ಟು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಬಳೆ, ಗಿಲಕಿ, ಬುಗುರಿಗಳು ಈ ವಯಸ್ಸಿಗೆ ಹೇಳಿ ಮಾಡಿಸಿದಂತಿವೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕಾಳು, ಬೀಜ, ಮಣಿಗಳನ್ನು ಕೊಡಬಾರದು, ಅವು ಗಂಟಲಿಗೂ ಮೂಗಿಗೂ ಹೋಗುವ ಅಪಾಯವುಂಟು. ದೊಡ್ಡ ಮಕ್ಕಳಿಗೂ ಹಿರಿಯರ ಕಣ್ಗಾವಲು ಇರಬೇಕು.

ಕೈಕೆಲಸವನ್ನು ಕೀಳೆಂದು ಎಣಿಸದ ಪರಂಪರೆ ನಮ್ಮದು. ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದರು. ನುಲಿಯ ಚಂದಯ್ಯನವರು ಹುಲ್ಲನ್ನು ಹೊಸೆದು ಹಗ್ಗ ಮಾಡಿದರು. ಜೇಡರ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತರು. ಕೈ, ಕಣ್ಣು, ಮನಸ್ಸು ಮೂರೂ ಒಂದೆಡೆ ನೆಲೆಗೊಂಡ ಕೆಲಸವನ್ನೇ ಅವರು ಕಾಯಕವೆಂದು ಬಾಳಿದರು. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ದೃಷ್ಟಿಯನ್ನು ಅಲ್ಲಿಯೇ ನಿಲಿಸುವ ನಮ್ಮ ಪೂಜಾಕ್ರಮವನ್ನು ಬಲ್ಲವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಿಲ್ಲ. ಅಂತಹ ಪರಂಪರೆಯ ಶಾಲೆಯಲ್ಲಿ ಕಾಳು ಹಿತುಕುವ ಮಗುವಿಗೆ, ಜೇಡಿಮಣ್ಣು ಮಿದಿಯುವ ಮಗುವಿಗೆ, 'ಓದು ಬಿಟ್ಟು ಆಟವಾಡುತ್ತಿದೆ' ಎಂಬ ಆಕ್ಷೇಪಣೆ ಸಲ್ಲದು.

ದುಂಡು ಅಕ್ಷರಗಳ ದಾರಿ

ಕನ್ನಡದ ಲಿಪಿ ದುಂಡಾದುದು. ಅದರ ಸೊಗಸೂ ಅದೇ, ಎಳೆಯ ಕೈಗೆ ಅದರ ಕಷ್ಟವೂ ಅದೇ. ಮೂರು ವರ್ಷದ ಮಗು ವೃತ್ತವನ್ನು ಎಳೆದೀತು. ಆದರೆ ವೃತ್ತವನ್ನು ಅರ್ಧಕ್ಕೆ ನಿಲ್ಲಿಸಿ, ಒಳಗೆ ಸುರುಳಿ ಸುತ್ತಿ, ದಿಕ್ಕು ಬದಲಿಸಿ ಹೊರಬರುವುದು ಬೇರೆಯ ಮಾತು. ವರ್ಣಮಾಲೆಯ ಮೊದಲ ಅಕ್ಷರವಾದ 'ಅ' ಕೈಗೆ ಮೊದಲನೆಯದಲ್ಲ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ 'ನಲಿ-ಕಲಿ' ಕ್ರಮದಲ್ಲಿ 'ರ, ಗ, ಸ, ದ, ಅ' ಎಂಬ ಅನುಕ್ರಮವನ್ನು ಇಟ್ಟುಕೊಂಡಿರುವುದು ಗಮನಾರ್ಹ. ವರ್ಣಮಾಲೆಯ ಸರದಿಯನ್ನು ಬದಿಗಿರಿಸಿ, ಸರಳವಾದ ರೂಪಗಳಿಂದ ಕೈಯನ್ನು ಮುನ್ನಡೆಸುವ ವಿವೇಕ ಅದರಲ್ಲಿದೆ. ಬಾಯಿಪಾಠಕ್ಕೆ ವರ್ಣಮಾಲೆಯ ಕ್ರಮ ಉಳಿಯಲಿ; ಬೆರಳಿಗೆ ಬೆರಳಿನ ಕ್ರಮವಿರಲಿ.

ಸಾಧನಗಳಿಗೂ ಒಂದು ಕ್ರಮವುಂಟು. ಮೊದಲು ಗಾಳಿಯಲ್ಲಿ ಇಡಿಯ ತೋಳಿನಿಂದ ದೊಡ್ಡ ಸುತ್ತುಗಳು, ಅನಂತರ ಮರಳಿನ ಮೇಲೆ ಬೆರಳಿನಿಂದ, ಆಮೇಲೆ ನೆಲದ ಮೇಲೆ ಸೀಮೆಸುಣ್ಣದಿಂದ, ಮುಂದೆ ಸ್ಲೇಟು ಬಳಪ, ಕಟ್ಟಕಡೆಗೆ ಕಾಗದ. ಭುಜ ನೆಲೆನಿಂತ ಮೇಲೆ ಮೊಣಕೈ, ಮೊಣಕೈಯ ಬಳಿಕ ಮಣಿಕಟ್ಟು, ಅನಂತರ ಬೆರಳು ಎಂದು ದೇಹವೇ ಹಿಡಿದ ದಾರಿ ಅದು. ಮರಳಿಗೂ ಸ್ಲೇಟಿಗೂ ಕಾಗದಕ್ಕಿಲ್ಲದ ಒಂದು ಗುಣವಿದೆ. ಅವು ಬೆರಳಿಗೆ ಎದುರು ಒತ್ತನ್ನು ಕೊಡುತ್ತವೆ. ತಪ್ಪನ್ನು ಒರಸಿಹಾಕಲು ಬಿಡುತ್ತವೆ. ೧೯೦೭ರಲ್ಲಿ ರೋಮಿನಲ್ಲಿ ಶಿಶುಗೃಹ ತೆರೆದ, ಮುಂದೆ ೧೯೩೯ರಲ್ಲಿ ಭಾರತಕ್ಕೆ ಬಂದು ಮದರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟ ಮರಿಯಾ ಮಾಂಟೆಸ್ಸೊರಿ ಅವರು ಉಪ್ಪುಕಾಗದದ ಅಕ್ಷರಗಳನ್ನು ಮಕ್ಕಳ ಬೆರಳಿನಿಂದ ಸವರಿಸುತ್ತಿದ್ದುದು ಇದೇ ಕಾರಣದಿಂದ. ನಮ್ಮ ಅಕ್ಕಿಯ ತಟ್ಟೆಗೂ ಆ ಉಪ್ಪುಕಾಗದಕ್ಕೂ ಹೆಚ್ಚು ದೂರವಿಲ್ಲ. ಒಂದು ದಿನದ ಆಚರಣೆಯಾಗಿ ಮುಗಿಯುವ ಆ ತಟ್ಟೆ ಒಂದು ವರ್ಷದ ಅಭ್ಯಾಸವಾಗಿ ಮುಂದುವರಿಯಬೇಕು, ಅಷ್ಟೇ.

ಗದರುವ ಮುನ್ನ

ಈ ಲೇಖಕನು ಅಧ್ಯಾಪಕ ವೃತ್ತಿಗೆ ಸೇರಿದ ಹೊಸದರಲ್ಲಿ ನಡೆದ ಸಂಗತಿಯೊಂದನ್ನು ಇಲ್ಲಿ ಹೇಳದಿದ್ದರೆ ಈ ಬರಹ ಅಪೂರ್ಣವಾದೀತು. ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ಸಾಲುಗಳು ಗೆರೆ ಬಿಟ್ಟು ಇಳಿಯುತ್ತಿದ್ದವು. ಅಕ್ಷರಗಳು ಒಂದರ ಮೇಲೊಂದು ಏರುತ್ತಿದ್ದವು. ಅದನ್ನು ಅಲಕ್ಷ್ಯವೆಂದು ಬಗೆದು, ಒಂದೇ ಪಾಠವನ್ನು ಹತ್ತು ಸಲ ಬರೆಯಿಸಿದೆ. ಇತರರ ಮುಂದೆ ಹೀಯಾಳಿಸಿದೆ. ಒಂದು ಮಧ್ಯಾಹ್ನ ಲಗೋರಿಯಾಟದಲ್ಲಿ ಅವನು ಚೆಂಡಿನ ಪಕ್ಕದ ಬಯಲನ್ನು ಹಿಡಿಯುವುದನ್ನು ಕಂಡೆ. ಮತ್ತೊಂದು ದಿನ ಹೂಜಿಯ ನೀರನ್ನು ಲೋಟದ ಹೊರಗೆ ಸುರಿದ. ಸಂಶಯ ಬಂದು, ತಂದೆಯೊಡನೆ ಮಾತನಾಡಿ ಕಣ್ಣಿನ ವೈದ್ಯರಿಗೆ ತೋರಿಸಿದಾಗ ಅವನ ಒಂದು ಕಣ್ಣು ಬಹುಮಟ್ಟಿಗೆ ಕೆಲಸವನ್ನೇ ನಿಲ್ಲಿಸಿತ್ತು. ಆಗ ಅವನಿಗೆ ಒಂಬತ್ತು ವರ್ಷ. ಕೆಲವು ವರ್ಷ ಮೊದಲೇ ಕರೆತಂದಿದ್ದರೆ ಹೆಚ್ಚು ಗುಣ ಕಾಣಬಹುದಿತ್ತೆಂದು ವೈದ್ಯರು ಹೇಳಿದರು. ಆ ಹತ್ತು ಸಲದ ಶಿಕ್ಷೆಯನ್ನು ನೆನೆದರೆ ಇಂದಿಗೂ ಮನಸ್ಸು ಕುಗ್ಗುತ್ತದೆ.

ಇದು ವಿರಳವಾದ ರೋಗವಲ್ಲ. ಒಂದು ಕಣ್ಣಿನ ಶಕ್ತಿ ಕುಂದಿದ್ದರೆ ಅಥವಾ ಮೆಳ್ಳೆಗಣ್ಣಿದ್ದರೆ, ಮೆದುಳು ಆ ಕಣ್ಣಿನ ಸಂದೇಶವನ್ನು ಕ್ರಮೇಣ ಕಡೆಗಣಿಸುತ್ತದೆ. ಇನ್ನೊಂದು ಕಣ್ಣು ಚೆನ್ನಾಗಿ ಕಾಣುವುದರಿಂದ ಮಗುವಿಗಾಗಲಿ ಮನೆಯವರಿಗಾಗಲಿ ಅದು ತಿಳಿಯುವುದಿಲ್ಲ. ದೂರದ ಅಂದಾಜು ಮಾತ್ರ ಕೆಡುತ್ತದೆ. ಏಳು ವರ್ಷದೊಳಗೆ ಗುರುತಿಸಿ, ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣನ್ನು ದಿನಕ್ಕಿಷ್ಟು ಹೊತ್ತು ಮುಚ್ಚಿ ಮಂದವಾದ ಕಣ್ಣಿಗೆ ಕೆಲಸ ಕೊಟ್ಟರೆ ಹೆಚ್ಚಿನ ಮಕ್ಕಳಲ್ಲಿ ದೃಷ್ಟಿ ಸುಧಾರಿಸುತ್ತದೆ; ತಡವಾದಷ್ಟೂ ಫಲ ಕಡಿಮೆ. ೧೮೯೬ರಲ್ಲಿ ಆರಂಭವಾದ ಮಿಂಟೋ ಕಣ್ಣಿನ ಆಸ್ಪತ್ರೆ ನಮ್ಮ ಪಕ್ಕದ ಚಾಮರಾಜಪೇಟೆಯಲ್ಲಿಯೇ ಇದೆ. ಶಾಲೆಗೂ ಆಸ್ಪತ್ರೆಗೂ ನಡುವಣ ದೂರ ಹೆಚ್ಚಿಲ್ಲ. ಆ ದೂರವನ್ನು ದಾಟುವ ಗಮನ ನಮ್ಮಲ್ಲಿರಬೇಕು.

ಕಣ್ಣು ಸರಿಯಿದ್ದೂ ಕೈ ತೊಡಕುವ ಮಕ್ಕಳಿದ್ದಾರೆ. ಗುಂಡಿ ಹಾಕಲಾರದ, ಚೆಂಡು ಹಿಡಿಯಲಾರದ, ಬರೆಯಲು ಬಹು ಶ್ರಮಪಡುವ ಇಂತಹವರು ಶಾಲಾವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ೫-೬ರಷ್ಟಿರುವರೆಂದು ವೈದ್ಯರ ಅಂದಾಜು. ಅವರ ಬುದ್ಧಿಗೆ ಕೊರತೆಯಿಲ್ಲ. ಅವರಿಗೆ ಬೇಕಾದುದು ಸಣ್ಣ ಸಣ್ಣ ಹೆಜ್ಜೆಗಳ ಅಭ್ಯಾಸ ಮತ್ತು ತಾಳ್ಮೆ. ನೂರರಲ್ಲಿ ಹತ್ತರಷ್ಟು ಜನ ಎಡಗೈಯವರು. ಅವರ ಕೈಯಿಂದ ಬಳಪ ಕಿತ್ತು ಬಲಗೈಗೆ ಕೊಡುವುದು ಶಿಸ್ತಲ್ಲ. ಮೆದುಳು ಆರಿಸಿಕೊಂಡ ದಾರಿಗೆ ಅಡ್ಡ ನಿಲ್ಲುವುದು.

ಶಾಲೆ ಮಾಡಬಹುದಾದುದು

ಮೊದಲನೆಯದಾಗಿ, ಶಿಶುವಿಹಾರದ ತರಗತಿಗಳಲ್ಲಿ ಪುಟ ತುಂಬಿಸುವ ಬರವಣಿಗೆಗೆ ಮೊದಲು ಮರಳು, ಮಣ್ಣು, ಚೆಂಡು, ದಾರ, ಕಾಗದಗಳ ಕೆಲಸಕ್ಕೆ ದಿನವೂ ಹೊತ್ತು ಗೊತ್ತುಮಾಡಬೇಕು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದ ಶಿಕ್ಷಣ ಆಟವನ್ನು ಆಧರಿಸಿರಬೇಕೆಂದಿದೆ. ಎರಡನೆಯದಾಗಿ, ಪ್ರತಿ ಮಗುವಿನ ಎರಡು ಕಣ್ಣುಗಳನ್ನೂ ಬೇರೆ ಬೇರೆಯಾಗಿ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಮೂರನೆಯದಾಗಿ, ಅಕ್ಷರ ಕೆಟ್ಟಿದೆಯೆಂದು ಯಾವ ಮಗುವನ್ನೂ ದಂಡಿಸಬಾರದು. ಏಕೆ ಕೆಟ್ಟಿತೆಂದು ಕೇಳಬೇಕು. ನಾಲ್ಕನೆಯದಾಗಿ, ವಾರಕ್ಕೊಮ್ಮೆ ಲಾಲ್‌ಬಾಗಿಗೆ ಕರೆದೊಯ್ದು ಬಿದ್ದ ಎಲೆ, ಬೀಜಗಳನ್ನು ನೋಡಿ ಮುಟ್ಟಲು, ಅಲ್ಲಿನ ಪುರಾತನ ಬಂಡೆಯನ್ನು ಕೈಕಾಲೂರಿ ಹತ್ತಲು ಬಿಡಬೇಕು. ನಡೆದು ಹೋಗುವಷ್ಟು ಸಮೀಪದಲ್ಲಿ ಇಂತಹ ತೋಟವಿರುವ ಭಾಗ್ಯ ಎಷ್ಟು ಶಾಲೆಗಳಿಗುಂಟು?

ದಾನಿಗಳಲ್ಲಿ ಒಂದು ವಿನಮ್ರ ನಿವೇದನೆ. ಕೊಠಡಿಗೆ ಕೊಟ್ಟವರ ಹೆಸರು ಶಿಲೆಯಲ್ಲಿ ಉಳಿಯುತ್ತದೆ. ಮರಳಿನ ತೊಟ್ಟಿಗೆ, ನೂರು ಬಟ್ಟೆಯ ಚೆಂಡಿಗೆ, ಒಂದು ಬುಟ್ಟಿ ಚನ್ನಪಟ್ಟಣದ ಮರದ ತುಂಡುಗಳಿಗೆ, ಬಡಮಗುವಿನ ಕನ್ನಡಕಕ್ಕೆ ಕೊಟ್ಟವರ ಹೆಸರನ್ನು ಕೆತ್ತಲು ಶಿಲೆಯಿಲ್ಲ. ಆದರೆ ಈ ಎರಡನೆಯ ದಾನ ನೇರವಾಗಿ ಮಗುವಿನ ಕೈಯನ್ನೂ ಕಣ್ಣನ್ನೂ ಸೇರುತ್ತದೆ, ಆಯುಷ್ಯವಿರುವವರೆಗೆ ಅದರೊಡನೆ ಇರುತ್ತದೆ. ದಾಸೋಹವೆಂಬ ಮಾತಿಗೆ ಇದು ಒಪ್ಪುವಂಥದು.

ಮುಂದಿನ ವಿಜಯದಶಮಿಯಂದು ಅಕ್ಕಿಯ ತಟ್ಟೆ ಮತ್ತೆ ಮಗುವಿನ ಮುಂದೆ ಬರುತ್ತದೆ. ಹಿರಿಯರು ಬರೆಯಿಸಿದ ಮೇಲೆ ಒಂದು ಗಳಿಗೆ ಅದರ ಬೆರಳನ್ನು ಬಿಟ್ಟುಬಿಡಲಿ. ಅದು ಏನೋ ಒಂದು ವಕ್ರರೇಖೆಯನ್ನು ಎಳೆದೀತು. ಆದರೆ ಆಗ ಅದರ ಕಣ್ಣು ತನ್ನ ಬೆರಳಿನ ಮೇಲೆಯೇ ಇರುತ್ತದೆ. ಆ ವಕ್ರರೇಖೆಯನ್ನು ಮೊದಲ ಅಕ್ಷರವೆಂದು ಆದರಿಸುವ ತಾಳ್ಮೆಯನ್ನು ಗುರುಕಾರುಣ್ಯವು ನಮ್ಮೆಲ್ಲರಿಗೂ ಕರುಣಿಸಲಿ.